ಗಾಳಿಮನೆ ಫಕೀರವ್ವ

ಎಷ್ಟು ವರ್ಷದ ಹಿಂದೆ ಅಂತ ಕೇಳಬೇಡಿ, ಅದನ್ನು ಬಲ್ಲವರು ಯಾರೂ ಉಳಿದಿಲ್ಲ. ನಮ್ಮ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು, ಆ ಅಜ್ಜಿಗೂ ಇನ್ಯಾರೋ ಹೇಳಿದ್ದು. ಎರೆಗುಪ್ಪಿ ಅಂತ ಒಂದೂರು. ಎತ್ತ ನೋಡಿದರೂ ಕರಿ ಎರೆ ಭೂಮಿ. ಗುಡ್ಡ ಇಲ್ಲ, ಅಡವಿ ಇಲ್ಲ. ಆ ಊರಿನ ಮೇದಾರ ಓಣಿಯಲ್ಲಿ ಫಕೀರವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳು. ಗಂಡ ಬೇಗ ತೀರಿಕೊಂಡಿದ್ದ. ಅತ್ತೆ ನಿಂಗವ್ವನ ಜೊತೆ ಇದ್ದುಕೊಂಡು, ಬಿದಿರು ಸೀಳಿ ಬುಟ್ಟಿ ಹೆಣೆದು ಬದುಕುತ್ತಿದ್ದಳು. ಎತ್ತರದ ಹೆಣ್ಣು, ಮಾತು ಕಡಿಮೆ, ಬೆರಳ ತುಂಬ ಬಿದಿರು ಕೊಯ್ದ ಗಾಯದ ಗುರುತು ಅಂತಾರೆ.

ಆ ಊರಿನವರು ಬಾವಿ ನೀರು ಹಾಯಿಸಿ ಉಳ್ಳಾಗಡ್ಡಿ ಬೆಳೀತಿದ್ದರು. ನೀವು ಈರುಳ್ಳಿ ಅಂತೀರಲ್ಲ, ಅದೇ. ಬೆಳೆ ಏನೋ ಚೆನ್ನಾಗಿ ಬರ್ತಿತ್ತು. ಮುಷ್ಟಿಯಷ್ಟು ದಪ್ಪ ಗಡ್ಡೆ, ಕೆಂಪಂದ್ರೆ ಕೆಂಪು. ಆದರೆ ಕಿತ್ತ ಮೇಲೆ ಅದನ್ನು ಇಡೋದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಜೋಳ ಇಡುವ ಹಾಗೆ ಇದನ್ನೂ ಇಟ್ಟರು. ಕತ್ತಲ ಕೋಣೆಯಲ್ಲಿ ಗೋಡೆಗೆ ಒತ್ತಿ ರಾಶಿ ಹಾಕಿ, ಬಾಗಿಲು ಮುಚ್ಚಿ, ಸಂದಿಗೆ ಸಗಣಿ ಮೆತ್ತಿದರು. ಜೋಳಕ್ಕೆ ಅದು ಸರಿ. ಉಳ್ಳಾಗಡ್ಡಿ ಒಳಗೊಳಗೇ ಬೆವೆತು, ಮೊಳಕೆ ಒಡೆದು, ಕೊಳೆತು ನೀರಾಗಿ ಹೊಸ್ತಿಲ ಕೆಳಗಿಂದ ಹರಿದು ಬರ್ತಿತ್ತಂತೆ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಊರಿಗೆ ನೆಂಟರು ಬರೋದು ನಿಲ್ಲಿಸ್ತಿದ್ದರಂತೆ, ಅಷ್ಟು ವಾಸನೆ.

ಇದು ಪೇಟೆಯ ದಲಾಲನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅವಸರ ಮಾಡುತ್ತಿರಲಿಲ್ಲ. ಬಂಡಿ ಕಟ್ಟಿಕೊಂಡು ಬಂದು, ಊರ ಬಾಗಿಲ ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಎಲೆಯಡಿಕೆ ಹಾಕಿಕೊಂಡು ಕೂಡುತ್ತಿದ್ದ. ಒಂದು ದಿನ, ಎರಡು ದಿನ. ಮೂರನೇ ದಿನ ಊರಿನವರೇ ಅವನ ಹತ್ತಿರ ಹೋಗಿ, ನೀವು ಹೇಳಿದ ದರಕ್ಕೇ ಒಯ್ಯಿರಿ ಅಂತ ಕೈ ಮುಗೀತಿದ್ದರು. ಪ್ರತಿ ವರ್ಷ ಹೀಗೇ.

ಮೇದಾರರಿಗೆ ಹೊಲ ಇರಲಿಲ್ಲ. ಬುಟ್ಟಿ ಕೊಟ್ಟರೆ ರೈತರು ಕಾಳು ಕೊಡುತ್ತಿದ್ದರು, ಇಲ್ಲವೇ ಉಳ್ಳಾಗಡ್ಡಿ. ಒಂದು ವರ್ಷ ಫಕೀರವ್ವನಿಗೆ ಉಳ್ಳಾಗಡ್ಡಿ ಜಾಸ್ತಿ ಬಂತು. ಒಂದಿಷ್ಟನ್ನು ಒತ್ತಾಗಿ ಹೆಣೆದ ಕಾಳಿನ ಬುಟ್ಟಿಗೆ ತುಂಬಿ ಮೂಲೆಯಲ್ಲಿಟ್ಟಳು. ಮಿಕ್ಕಿದ್ದಕ್ಕೆ ಬುಟ್ಟಿ ಸಾಲಲಿಲ್ಲ. ಅಂಗಳದ ಚಪ್ಪರದಡಿ, ಮೂರು ಕಲ್ಲಿನ ಮೇಲೆ, ಅರ್ಧಕ್ಕೆ ಬಿಟ್ಟ ಒಂದು ಬುಟ್ಟಿ ಇತ್ತು, ಬೆರಳು ತೂರುವಷ್ಟು ಸಂದಿ ಸಂದಿ. ಅದರಲ್ಲಿ ಸುರಿದು ಮರೆತಳು. ಮಳೆಗಾಲ ಬಂದಾಗ ಮೂಲೆಯ ಬುಟ್ಟಿ ಕೊಳೆತು ಕೈಹಚ್ಚುವ ಹಾಗಿರಲಿಲ್ಲ. ಚಪ್ಪರದ ಬುಟ್ಟಿಯದು ಆಗ ತಾನೇ ಕಿತ್ತಂತೆ ಗಟ್ಟಿಯಾಗಿ ಕೂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಡುಗೆ ಮಾಡಿ ತಿಂದು ಸುಮ್ಮನಾಗುತ್ತಿದ್ದರು. ಫಕೀರವ್ವ ಆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು ಅಂತಾರೆ. ಕೆಳಗೆ ಕೈ ಹಾಕಿ ನೋಡಿದಳು, ತಣ್ಣಗೆ ಗಾಳಿ ಆಡುತ್ತಿತ್ತು.

ಆಮೇಲೆ ಎರಡು ವರ್ಷ ಅವಳಿಗೆ ಅದೇ ಧ್ಯಾನ. ಎತ್ತರದ ಬುಟ್ಟಿ, ಗಿಡ್ಡ ಬುಟ್ಟಿ, ಅಗಲದ್ದು, ಕಿರಿದಾದದ್ದು, ಎಲ್ಲ ಹೆಣೆದು ಉಳ್ಳಾಗಡ್ಡಿ ತುಂಬಿ ನೋಡಿದಳು. ಅಗಲ ಜಾಸ್ತಿಯಾದರೆ ನಡುವಿನದು ಕೊಳೆಯಿತು. ರಾಶಿ ಎತ್ತರವಾದರೆ ತಳದ್ದು ಜಜ್ಜಿ ಹೋಯಿತು. ಮೇಲಿನ ದಂಟಿನ ಕತ್ತು ಪೂರಾ ಕತ್ತರಿಸಿದ ಗಡ್ಡೆ ಮೊದಲು ಹೋಯಿತು, ಎರಡು ಬೆರಳಷ್ಟು ಕತ್ತು ಬಿಟ್ಟದ್ದು ಉಳಿಯಿತು. ಅತ್ತೆ ನಿಂಗವ್ವ ಗೊಣಗುತ್ತಿದ್ದಳು.

"ಮಂದಿ ಮನ್ಯಾಗ ಹೂವಿನ ವಾಸನಿ, ನಮ್ಮ ಮನ್ಯಾಗ ಇದು. ಏನ ಹುಡುಕಾಕತ್ತೀಯವ್ವ ನೀ?"

"ಅದಕ್ಕ ಏನ ಬೇಕು ಅಂತ ಹುಡುಕಾಕತ್ತೀನಿ ಅತ್ತಿ," ಅಂದಳಂತೆ ಫಕೀರವ್ವ.

ಮೂರನೇ ವರ್ಷ ಊರ ಹೊರಗೆ, ಬಯಲಲ್ಲಿ, ಅವಳು ಒಂದು ಮನೆ ಕಟ್ಟಿದಳು. ಎಂಥ ಮನೆ? ಕಲ್ಲಿನ ಮೇಲೆ ನೆಲದಿಂದ ಒಂದೂವರೆ ಮೊಳ ಎತ್ತರ. ನೆಲಕ್ಕೆ ಬಿದಿರಿನ ದಬ್ಬೆ, ಗೋಡೆಗೂ ಬಿದಿರಿನ ದಬ್ಬೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬೆರಳಷ್ಟು ಸಂದಿ. ಅಗಲ ಮೂರು ಮೊಳ ಮಾತ್ರ, ಉದ್ದ ಎಷ್ಟು ಬೇಕೋ ಅಷ್ಟು. ಮೇಲೆ ದಪ್ಪ ಹುಲ್ಲಿನ ಹೊದಿಕೆ, ಅದರ ಅಂಚು ಮಳೆಯ ಇರಚಲು ಬಡಿಯದಂತೆ ಎರಡೂ ಕಡೆ ಕೆಳಗಿಳಿದಿತ್ತು. ಗಾಳಿ ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಗೆ ಹೋಗುವ ಹಾಗೆ ಅಡ್ಡಲಾಗಿ ಕಟ್ಟಿದ್ದಳು. ಅದಕ್ಕೆ ಗಾಳಿಮನೆ ಅಂತ ಹೆಸರಿಟ್ಟಳು.

ಊರು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗೂಳಪ್ಪಗೌಡ. ಊರಿನ ಅರ್ಧ ಉಳ್ಳಾಗಡ್ಡಿ ಅವನ ಹೊಲದ್ದೇ.

"ಇದಕ್ಕ ಗ್ವಾಡಿ ಇಲ್ಲ, ನೆಲ ಇಲ್ಲ. ಮನಿ ಅಂತ ಯಾಕ ಅಂತೀಯ ಬೇ?" ಅಂದ.

"ಇದು ನಮಗ ಕಟ್ಟಿದ್ದಲ್ರಿ ಗೌಡ್ರ. ಉಳ್ಳಾಗಡ್ಡಿಗೆ ಕಟ್ಟಿದ್ದು," ಅಂದಳು ಅವಳು.

ಆ ವರ್ಷ ತನ್ನ ಪಾಲಿನ ಹತ್ತು ಬುಟ್ಟಿ ಉಳ್ಳಾಗಡ್ಡಿ ಅಲ್ಲಿ ತುಂಬಿದಳು. ಕಾರಹುಣ್ಣಿವೆ ಬಂತು, ಕೆಡಲಿಲ್ಲ. ಪಂಚಮಿ ಬಂತು, ಕೆಡಲಿಲ್ಲ. ಅಷ್ಟರಲ್ಲಿ ಗೂಳಪ್ಪಗೌಡನ ಮೂರು ಕೋಣೆ ಉಳ್ಳಾಗಡ್ಡಿ ತಿಪ್ಪೆ ಸೇರಿತ್ತು. ಗೌಡ ಒಂದು ಮುಂಜಾನೆ ಒಬ್ಬನೇ ನಡೆದು ಗಾಳಿಮನೆಗೆ ಹೋದ. ಒಂದು ಗಡ್ಡೆ ಎತ್ತಿ ಒತ್ತಿ ನೋಡಿದ, ಮೂಸಿ ನೋಡಿದ, ಹಲ್ಲಿನಿಂದ ಕಚ್ಚಿ ನೋಡಿದ. ಕಣ್ಣಲ್ಲಿ ನೀರು ಬಂತು. ಅದು ಉಳ್ಳಾಗಡ್ಡಿಯ ಖಾರಕ್ಕೆ ಅಂತ ಕೆಲವರು ಹೇಳ್ತಾರೆ, ಅಲ್ಲ ಅಂತ ಕೆಲವರು ಹೇಳ್ತಾರೆ. ಅಲ್ಲಿಂದ ನೇರ ಮೇದಾರ ಓಣಿಗೆ ಹೋದ. ಗೌಡರ ಮನೆಯವರು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು.

ಮುಂದಿನ ವರ್ಷ ಊರಿಗೆ ಊರೇ ಸೇರಿ ದೊಡ್ಡ ಗಾಳಿಮನೆ ಕಟ್ಟಿತು. ನಲವತ್ತು ಮಾರು ಉದ್ದ. ಫಕೀರವ್ವ ಹೇಳಿದಂತೆ ಗಡ್ಡೆಯನ್ನು ನೆರಳಲ್ಲಿ ಒಣಗಿಸಿದರು, ಎರಡು ಬೆರಳು ಕತ್ತು ಬಿಟ್ಟು ಕೊಯ್ದರು, ಪೆಟ್ಟು ಬಿದ್ದದ್ದನ್ನು ಆರಿಸಿ ತೆಗೆದರು. ಎಲ್ಲರ ಬೆಳೆಯೂ ಒಂದೇ ಕಡೆ. ಅವಳು ಹೇಳಿದ ಕೊನೆಯ ಮಾತು ಒಂದೇ: "ಏನಾದರೂ ಆಗಲಿ, ಇದನ್ನ ಮುಚ್ಚಬ್ಯಾಡ್ರಿ."

ಆಮೇಲೆ ಪಕ್ಕದ ಊರಿನವರೂ ಕೇಳಿದರು ಅಂತ, ಬಿದಿರು ತರಲು ಮಲೆನಾಡಿನ ಅಂಚಿಗೆ ಬಂಡಿಯ ಜೊತೆ ಹೋದಳು. ಹೋಗಿ ಬರಲು ಎಂಟು ದಿನ.

ಅವಳು ಹೋದ ನಾಲ್ಕನೇ ದಿನಕ್ಕೆ ಅಡ್ಡಮಳೆ ಹಿಡಿಯಿತು. ಗುಡುಗು, ಆಲಿಕಲ್ಲು, ಅಡ್ಡಗಾಳಿ. ಗೂಳಪ್ಪಗೌಡ ಗಾಳಿಮನೆಯ ಮುಂದೆ ನಿಂತು ನೋಡಿದ. ಊರಿನ ಇಡೀ ವರ್ಷದ ಬದುಕು ಆ ದಬ್ಬೆಯ ಸಂದಿಯಲ್ಲಿ ಕಾಣುತ್ತಿತ್ತು. ಅವನ ಕರುಳು ತಡೆಯಲಿಲ್ಲ. ಆಳುಗಳನ್ನು ಕರೆದು, ಕಂಬಳಿ, ಗೋಣಿತಟ್ಟು, ಜಮಖಾನ, ಏನು ಸಿಕ್ಕಿತೋ ಅದನ್ನೆಲ್ಲ ತರಿಸಿ ಸುತ್ತ ಬಿಗಿದು ಕಟ್ಟಿಸಿದ. ಮಳೆ ಬಿಟ್ಟಿತು. ಮೋಡ ಬಿಡಲಿಲ್ಲ. ಹಾಗಾಗಿ ಕಟ್ಟಿದ್ದನ್ನು ಬಿಚ್ಚಲಿಲ್ಲ. ಕೂಸಿಗೆ ಹೊದಿಸಿದ ಹಾಗೆ ಹೊದಿಸಿಯೇ ಇಟ್ಟ.

ಫಕೀರವ್ವ ವಾಪಸ್ಸು ಬಂದವಳು ದೂರದಿಂದಲೇ ಕಂಬಳಿ ಕಂಡಳು. ಬಂಡಿಯಿಂದ ಇಳಿದು ಓಡಿದಳಂತೆ. ಒಂದು ಕಂಬಳಿ ಎತ್ತಿ, ದಬ್ಬೆ ಸರಿಸಿ ಕೈ ತೂರಿ, ಮೊಣಕೈವರೆಗೆ ರಾಶಿಯೊಳಗೆ ಇಟ್ಟಳು. ಜ್ವರ ಬಂದವರ ಮೈ ಮುಟ್ಟಿದ ಹಾಗಿತ್ತು. ಸೊಂಟದ ಕುಡುಗೋಲು ತೆಗೆದು ಕಂಬಳಿಯ ಹಗ್ಗ ಕೊಯ್ದಳು, ಗೋಣಿಯ ಹಗ್ಗ ಕೊಯ್ದಳು, ಕೊನೆಗೆ ತಾನೇ ಕಟ್ಟಿದ ಗೋಡೆಯ ದಬ್ಬೆಗಳನ್ನೂ ಕೊಯ್ದಳು. "ಎಲ್ಲಾ ಹೊರಗ ಹರವ್ರಿ," ಅಂದಳು. ಊರೆಲ್ಲ ಬಂದು ಎರಡು ದಿನ ಗಡ್ಡೆ ಆರಿಸಿತು. ಹೆಂಗಸರು, ಗಂಡಸರು, ಗೌಡರ ಮನೆಯ ಸೊಸೆಯಂದಿರು, ಕೋಲೂರಿಕೊಂಡು ನಿಂಗವ್ವ ಕೂಡ. ಮೂರರಲ್ಲಿ ಒಂದು ಪಾಲು ಹೋಯಿತು. ಎರಡು ಪಾಲು ಉಳಿಯಿತು, ಅದನ್ನು ದಬ್ಬೆ ಮತ್ತೆ ಕಟ್ಟಿ ಒಳಗೆ ತುಂಬಿದರು.

ಮೂರನೇ ದಿನ ಚಾವಡಿಯಲ್ಲಿ ಊರು ಸೇರಿತು. ಕಂಬಳಿ ಹೊದಿಸಿದ್ದು ಯಾರು ಅಂತ ಗೌಡನ ಆಳುಗಳಿಗೆ ಮಾತ್ರ ಗೊತ್ತು, ಅವರು ಬಾಯಿ ಬಿಡಲಿಲ್ಲ. ಕಂಬಳಿಯಿಂದಲೇ ಕೆಟ್ಟಿತು ಅಂತ ಊರಿಗೆ ಹೊಳೆಯಲಿಲ್ಲ, ಕಂಡದ್ದು ಕೊಳೆತ ರಾಶಿ ಅಷ್ಟೇ. ಮೇದಾರ ಹೆಂಗಸಿನ ಮಾತು ಕೇಳಿ ಕೆಟ್ಟೆವು ಅಂತ ಒಬ್ಬ ಅಂದ. ಆ ಮನೆ ಸುಟ್ಟುಬಿಡೋಣ ಅಂತ ಇನ್ನೊಬ್ಬ ಅಂದ. ಗೂಳಪ್ಪಗೌಡ ತಲೆ ಕೆಳಗೆ ಹಾಕಿಕೊಂಡು ಕೂತಿದ್ದ. ಹಗ್ಗದ ಗಂಟು ಯಾರ ಮನೆಯ ಗಂಟು ಅಂತ ಕೊಯ್ಯುವಾಗಲೇ ಫಕೀರವ್ವ ಗುರುತು ಹಿಡಿದಿದ್ದಳು ಅಂತಾರೆ. ಅವಳು ಅವನ ಕಡೆ ನೋಡಲೂ ಇಲ್ಲ. ಎದ್ದು ನಿಂತು ಹೀಗಂದಳು:

"ಮುಚ್ಚಬ್ಯಾಡ್ರಿ ಅಂತ ಹೇಳಿದ್ದೆ. ಯಾಕ ಮುಚ್ಚಬಾರದು ಅಂತ ಹೇಳಿರಲಿಲ್ಲ. ನನ್ನ ತಪ್ಪು."

ಆ ಮಾತು ಕೇಳಿ ಗೂಳಪ್ಪಗೌಡನಿಗೆ ಕೂಡಲು ಆಗಲಿಲ್ಲ. ಎದ್ದ. ರುಮಾಲು ತೆಗೆದು ಕೈಯಲ್ಲಿ ಹಿಡಿದ. "ಕಂಬಳಿ ಕಟ್ಟಿಸಿದಾವ ನಾ," ಅಂದ. "ಅದಕ್ಕ ಥಂಡಿ ಹತ್ತತೈತಿ ಅಂತ ತಿಳದೆ. ತಪ್ಪು ಈ ತಾಯೀದಲ್ಲ." ಅಷ್ಟು ಹೇಳಿ ಕೂತ. ಆ ಊರಿನಲ್ಲಿ ಗೌಡ ಅಂತ ಅನ್ನಿಸಿಕೊಂಡವನು ಜನರ ಮುಂದೆ ತಪ್ಪು ಒಪ್ಪಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಫಕೀರವ್ವ ಎಲ್ಲರನ್ನೂ ಗಾಳಿಮನೆಗೆ ಕರೆದುಕೊಂಡು ಹೋದಳು. ಒಂದು ಕಡೆ ಗಾಳಿ ಆಡುವ ರಾಶಿ, ಇನ್ನೊಂದು ಕಡೆ ತೋರಿಸಲೆಂದೇ ಅವಳು ಕಂಬಳಿ ಹೊದಿಸಿ ಇಟ್ಟಿದ್ದ ಸಣ್ಣ ರಾಶಿ. ಒಬ್ಬೊಬ್ಬರ ಕೈ ಹಿಡಿದು ಎರಡರೊಳಗೂ ಇಡಿಸಿದಳು. ಕಿತ್ತ ಮೇಲೂ ಉಳ್ಳಾಗಡ್ಡಿ ಉಸಿರಾಡುತ್ತೆ, ಉಸಿರಾಡಿದರೆ ಬೆವರುತ್ತೆ, ಆ ಬೆವರು ಆರಬೇಕು ಅಂದಳು. ಮಳೆಯ ನೀರು ಹೊರಗಿನ ಸಾಲಿಗೆ ಮಾತ್ರ ತಾಗುತ್ತೆ, ಗಾಳಿ ಅದನ್ನು ಅರ್ಧ ದಿನದಲ್ಲಿ ಒಣಗಿಸುತ್ತೆ. ಒಳಗಿನ ಬೆವರು ಹಾಗಲ್ಲ, ಮುಚ್ಚಿದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ ಅಂದಳು. ಅಷ್ಟು ಉದ್ದ ಅವಳು ಅದಕ್ಕೆ ಮುಂಚೆ ಯಾವತ್ತೂ ಮಾತಾಡಿರಲಿಲ್ಲ ಅಂತಾರೆ.

ಆ ವರ್ಷ ದಲಾಲ ಎಂದಿನಂತೆ ಬಂದ. ಎಂದಿನಂತೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿದ. ಮೂರು ದಿನ ಕೂತ, ಯಾರೂ ಬರಲಿಲ್ಲ. ನಾಲ್ಕನೇ ದಿನ ತಾನೇ ಎದ್ದು ಗೌಡನ ಮನೆಗೆ ಹೋದ. ಗೌಡ ಮಜ್ಜಿಗೆ ಕೊಟ್ಟು ಉಪಚಾರ ಮಾಡಿ, "ಈಗ ಕೊಡೂದಿಲ್ರಿ. ದಸರಾಕ್ಕ ಬರ್ರಿ," ಅಂದನಂತೆ. ದಲಾಲ ನಕ್ಕ. ಅಲ್ಲಿಯವರೆಗೆ ಇರುತ್ತದೆಯೇ ಅಂತ ಕೇಳಿದ. ಹೋಗಿ ನೋಡಿಕೊಂಡು ಬನ್ನಿ ಅಂದರು. ಹೋಗಿ ನೋಡಿ ಬಂದವನು ನಗಲಿಲ್ಲ. ದಸರೆಗೆ ಬಂದ, ಊರು ಹೇಳಿದ ದರಕ್ಕೆ ಒಯ್ದ.

ಅವನು ಜಾಣ. ಹೋಗುವಾಗ ಫಕೀರವ್ವನ ಗುಡಿಸಲಿಗೂ ಹೋದ. ಪೇಟೆಯಲ್ಲಿ ಕಲ್ಲಿನ ಮನೆ ಕೊಡುತ್ತೇನೆ, ನಿನಗೂ ನಿನ್ನ ಅತ್ತೆಗೂ ಕಡೆತನಕ ಊಟ ಬಟ್ಟೆ ಕೊಡುತ್ತೇನೆ, ಇನ್ನು ಮುಂದೆ ಗಾಳಿಮನೆ ನನಗೊಬ್ಬನಿಗೇ ಕಟ್ಟಬೇಕು ಅಂದ. ಅವಳು ಬಿದಿರು ಸೀಳುತ್ತಲೇ ಇದ್ದಳು. ಅತ್ತೆ ನಿಂಗವ್ವ ಒಳಗಿಂದ ಉತ್ತರ ಕೊಟ್ಟಳು: "ಅಕಿ ಆಗಲೇ ಊರಿಗೆಲ್ಲಾ ಹೇಳಿಬಿಟ್ಟಾಳಪ್ಪ. ಇನ್ನ ನಿನಗ ಮಾರಾಕ ಏನ ಉಳದೈತಿ?"

ಆಮೇಲೆ ಫಕೀರವ್ವ ಊರೂರು ತಿರುಗಿದಳು. ಹೋದಲ್ಲೆಲ್ಲ ಗಾಳಿಮನೆ ಕಟ್ಟಿಸಿದಳು, ಕಟ್ಟೋದನ್ನು ಕಲಿಸಿದಳು. ಅವಳು ಕಣ್ಣು ಮುಚ್ಚಿ ಗಾಳಿಮನೆಯ ಉದ್ದಕ್ಕೂ ನಡೆದು, ಒಂದು ಕಡೆ ನಿಂತು, ಭುಜದವರೆಗೆ ಕೈ ಇಳಿಸಿ, ಸಾವಿರದಲ್ಲಿ ಕೊಳೆತ ಒಂದೇ ಒಂದು ಗಡ್ಡೆಯನ್ನು ತೆಗೀತಿದ್ದಳು ಅಂತಾರೆ. ಅವಳು ಬಂದರೆ ನಿಂತ ಗಾಳಿ ಬೀಸುತ್ತಿತ್ತು ಅಂತಾರೆ. ಅವಳು ಹೆಣೆದ ದಬ್ಬೆಗೆ ಹುಳ ಹಿಡೀತಿರಲಿಲ್ಲ ಅಂತಾರೆ. ನಾನು ಕಂಡಿಲ್ಲ, ಕೇಳಿದ್ದನ್ನು ಹೇಳಿದೆ. ನಿಂಗವ್ವ ಸತ್ತಾಗ ಮಾತ್ರ ಅವಳು ಒಂದು ವರ್ಷ ಎಲ್ಲಿಗೂ ಹೋಗದೆ ಎರೆಗುಪ್ಪಿಯಲ್ಲೇ ಇದ್ದಳು ಅನ್ನೋದನ್ನು ಎಲ್ಲರೂ ಒಂದೇ ರೀತಿ ಹೇಳ್ತಾರೆ.

ಅವಳು ಸತ್ತದ್ದು ಎಲ್ಲಿ ಅಂತ ಗೊತ್ತಿಲ್ಲ. ಮೂರು ಊರಿನವರು ನಮ್ಮಲ್ಲೇ ಅಂತಾರೆ, ಮೂರು ಊರಿನಲ್ಲೂ ಗದ್ದಿಗೆ ತೋರಿಸ್ತಾರೆ.

ಈಗ ಬಿದಿರಿನ ಗಾಳಿಮನೆಗಳು ಕಮ್ಮಿಯಾಗಿವೆ. ಕಬ್ಬಿಣದ ಜಾಲರಿ ಬಂದಿದೆ, ಫ್ಯಾನು ಬಂದಿದೆ, ಒಳಗಿನ ಶಾಖ ಎಷ್ಟು ಅಂತ ಮೊಬೈಲಿಗೆ ಹೇಳುವ ಯಂತ್ರ ಬಂದಿದೆ. ಆದರೂ ನಮ್ಮ ಕಡೆ ಒಂದು ಪದ್ಧತಿ ಇದೆ. ಉಳ್ಳಾಗಡ್ಡಿ ತುಂಬುವ ದಿನ ಹಮಾಲರು ಮೊದಲ ಚೀಲ ಎತ್ತುವ ಮುಂಚೆ, ಮಾಲೀಕನನ್ನು ಮುಂದೆ ನಿಲ್ಲಿಸಿ ಮೂರು ಸಲ "ಯಾಕ?" ಅಂತ ಕೇಳ್ತಾರೆ. ಸಂದಿ ಯಾಕ, ಎತ್ತರ ಯಾಕ, ಕತ್ತು ಯಾಕ, ಹೀಗೆ. ಅವನು ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳಬೇಕು. ಅದಕ್ಕೆ ಫಕೀರವ್ವನ ಕೇಳಿಕೆ ಅಂತಾರೆ.

ಹೋದ ವರ್ಷ ಒಬ್ಬ ದೊಡ್ಡ ರೈತ ಹೊಸ ಗೋದಾಮು ಹಾಕಿಸಿದ್ದ, ಎಲ್ಲ ಯಂತ್ರದ್ದೇ. ಫ್ಯಾನು ಆ ಮೂಲೆಯಲ್ಲೇ ಯಾಕೆ ಅಂತ ಹಮಾಲರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಕಂಪನಿಯವರು ಅಲ್ಲಿ ಹಾಕಿದರು, ಅಷ್ಟೇ ಅಂದ. ಹಮಾಲರು ಜಗಳ ಮಾಡಲಿಲ್ಲ. ಚೀಲದ ಮೇಲೆ ಕೂತು ಬೀಡಿ ಹಚ್ಚಿದರು. ಕೊನೆಗೆ ಅವನು ಫೋನು ಮಾಡಿದ. ಕಂಪನಿಯ ಮನುಷ್ಯ ಮೂವತ್ತು ಮೈಲಿಯಿಂದ ಮೋಟಾರುಬೈಕಿನಲ್ಲಿ ಬಂದು, ಬೆವರು ಒರೆಸಿಕೊಂಡು, ಗಾಳಿ ಎಲ್ಲಿಂದ ಹೊಕ್ಕು ಎಲ್ಲಿಗೆ ಹೋಗುತ್ತೆ ಅಂತ ಕೈ ಮಾಡಿ ತೋರಿಸಿ ಹೇಳಿದ. ಹಮಾಲರು ಪೂರ್ತಿ ಕೇಳಿದರು. ತಿಳೀತು ಅಂತ ತಲೆ ಆಡಿಸಿದರು. ಬೀಡಿ ಆರಿಸಿ, ಎದ್ದು, ಮೊದಲ ಚೀಲಕ್ಕೆ ಹೆಗಲು ಕೊಟ್ಟರು.