ಭಟ್ಕಳಕ್ಕೆ ಬಂದ ಮಸ್ಕತ್ ಲ್ಯಾಪ್‌ಟಾಪ್

ಭಟ್ಕಳದ ಶಾಹಿದಾ ಮದುವೆ ಬಟ್ಟೆಗಳಿಗೆ ಕಸೂತಿ ವಿನ್ಯಾಸ ಮಾಡುವವಳು. ಅಕ್ಕ ಮಸ್ಕತ್‌ನಿಂದ ತಂದುಕೊಟ್ಟಿದ್ದ ಲ್ಯಾಪ್‌ಟಾಪ್, ವಿನ್ಯಾಸಗಳನ್ನೆಲ್ಲ ಒಳಗಿಟ್ಟುಕೊಂಡೇ ಕೆಟ್ಟು ಕೂತಿತು. ವಾರಂಟಿ ಇನ್ನೂ ಇತ್ತು. ಆದರೆ ಕಂಪನಿ ಅಂಗಡಿಯ ಮ್ಯಾನೇಜರು ಬಿಲ್ಲು ನೋಡಿದವರೇ, "ಮಸ್ಕತ್‌ದಾ? ಅಲ್ಲಿಗೇ ತಗೊಂಡು ಹೋಗಮ್ಮ," ಎಂದುಬಿಟ್ಟರು.

ಶಾಹಿದಾ ಕದಲಲಿಲ್ಲ. ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು, ಜರ್ಮನಿಗೆ ಹೊರಟಿದ್ದ ಮಗಳಿಗಾಗಿ ಲ್ಯಾಪ್‌ಟಾಪ್ ಆರಿಸುತ್ತಿದ್ದರು. ಶಾಹಿದಾ ಮ್ಯಾನೇಜರನ್ನು ಕುತೂಹಲದಿಂದ ಕೇಳಿದಳು: "ಸಾರ್, ಇವರದ್ದು ಜರ್ಮನಿಯಲ್ಲಿ ಕೆಟ್ಟರೆ?"

"ಅಲ್ಲೇ ರಿಪೇರಿ! ನಮ್ಮ ವಾರಂಟಿ ಇಡೀ ಲೋಕಕ್ಕೆ ಒಂದೇ!"

"ಭಟ್ಕಳ ಆ ಲೋಕದಲ್ಲಿ ಇಲ್ವಾ ಸಾರ್?"

ಪಕ್ಕದಲ್ಲಿದ್ದ ದಂಪತಿಯಲ್ಲಿ ಗಂಡ, ತೆಗೆದಿದ್ದ ಪರ್ಸನ್ನು ಮತ್ತೆ ಜೇಬಿಗೆ ಸೇರಿಸಿ, ಕುರ್ಚಿ ಎಳೆದು ಕೂತರು. "ಮೊದಲು ಈ ತಂಗೀದು ರಿಪೇರಿ ಆಗಲಿ. ನೋಡಿಕೊಂಡು ನಮ್ಮದು ತಗೋತೀವಿ."

ಮ್ಯಾನೇಜರು ತಾವೇ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೋಡಿದರು.