ಉಗುಳು ಹಚ್ಚಿ ಹೊಸೆದ ಹಗ್ಗ

ಪೂಜ್ಯ ಮಳೆಯಪ್ಪಜ್ಜನವರು ಮಠದ ಗದ್ದುಗೆಯ ಮೇಲೆ ಕುಳಿತದ್ದಕ್ಕಿಂತ ಬಡವರ ಅಂಗಳದಲ್ಲಿ ಕುಳಿತದ್ದೇ ಹೆಚ್ಚು. ಆ ದಿನ ಅವರು ಹಗ್ಗ ಹೊಸೆಯುವ ದುರುಗವ್ವನ ಗುಡಿಸಲ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಕತ್ತಾಳೆ ನಾರು ಬಿಡಿಸುತ್ತಿದ್ದರು. ಪಕ್ಕದ ಹೊಂಡದಲ್ಲಿ ಕತ್ತಾಳೆ ಎಲೆ ಕೊಳೆಯುತ್ತಿತ್ತು. ಮೂಗು ಬಿಟ್ಟು ನಿಲ್ಲಲಾಗದ ನಾತ. ಆ ಕೇರಿಗೆ ಕುಡಿಯಲೂ ಅದೇ ಹೊಂಡ! ಗುಡಿಸಲೊಳಗೆ ದುರುಗವ್ವನ ಮೊಮ್ಮಗು ವಾಂತಿಭೇದಿಯಿಂದ ನರಳುತ್ತಿತ್ತು.

ಮಠದ ಬಾವಿಯ ಹಗ್ಗ ಹರಿದಿತ್ತು. ಹೊಸ ಹಗ್ಗ ಒಯ್ಯಲು ಬಂದ ಪಾರುಪತ್ಯಗಾರ ಷಡಕ್ಷರಯ್ಯನವರು ಗುರುಗಳನ್ನು ಅಲ್ಲಿ ಕಂಡು ಉರಿದುಬಿದ್ದರು.

"ಇದೇನ್ರಿ ಬುದ್ಧೀ? ಮಠದ ಮಾನ ಮೂರು ಕಾಸಿಗೆ ಹೋತು!"

"ನಿನ್ನೆ ಈಕಿ ಕೂಸಿಗೆ ಒಂದು ಕೊಡ ನೀರು ಕೇಳಾಕ ಬಂದಾಗ, ಬಾವಿಕಟ್ಟಿಯಿಂದ ಅಟ್ಟಿದವರು ಯಾರು?"

"ಮೈಲಿಗಿ ಆಗ್ತದಲ್ರೀ..."

ಅಯ್ಯನವರ ಕೈಯಲ್ಲಿ ಅರಿಸಿನ ನೀರಿನ ತಂಬಿಗೆಯಿತ್ತು. ಈ ಕೇರಿಯ ಹಗ್ಗಕ್ಕೆ ಅದನ್ನು ಚಿಮುಕಿಸಿ, ಮಡಿ ಮಾಡಿಯೇ ಬಾವಿಗೆ ಇಳಿಸುವುದು ಊರ ರೂಢಿ. ಹಗ್ಗಕ್ಕೆ ಮಡಿಯುಂಟು, ಹೊಸೆದವಳಿಗಿಲ್ಲ. ಎಂಥ ಧರ್ಮವಪ್ಪಾ ಇದು!

ಅಂಗಳದಲ್ಲಿ ಹೊಸೆದಿಟ್ಟಿದ್ದ ಹೊಸ ಹಗ್ಗದತ್ತ ಅವರು ತಂಬಿಗೆ ಎತ್ತಿದರು. ಅಜ್ಜನವರು ಆ ಮುಂಗೈ ಹಿಡಿದರು.

"ದುರುಗವ್ವಾ, ಅಯ್ಯನೋರ ಎದುರಿಗೆ ಒಂದೆಳಿ ಹೊಸೆದು ತೋರಸು."

ಆಕೆ ನಿತ್ಯದಂತೆ ಅಂಗೈಗೆ ಉಗುಳಿಕೊಂಡು, ನಾರನ್ನು ತೊಡೆಯ ಮೇಲಿಟ್ಟು ಹೊಸೆದಳು. ಹಸಿ ಮಾಡದೆ ಕತ್ತಾಳೆ ನಾರು ಕೂಡಿಕೊಳ್ಳುವುದಿಲ್ಲ. ಅಯ್ಯನವರ ಮುಖ ಹುಳ್ಳಗಾಯಿತು.

"ನಿಮ್ಮಪ್ಪನ ಕಾಲದಿಂದ ಇಂಥ ಹಗ್ಗಾನ ನಮ್ಮ ಬಾವ್ಯಾಗ ಮುಳುಗಿ ಏಳ್ತದ. ಅದೇ ನೀರು ಲಿಂಗಕ್ಕ ಎರೀತೀರಿ. ಲಿಂಗ ಒಂದ್ಸಲರೆ ಒಲ್ಲೆ ಅಂತೇನು?"

ಒಳಗಿನಿಂದ ಕೂಸು ನೀರು, ನೀರು ಎಂದು ಕ್ಷೀಣವಾಗಿ ಅತ್ತಿತು. ಷಡಕ್ಷರಯ್ಯನವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಅರಿಸಿನ ನೀರನ್ನು ನೆಲಕ್ಕೆ ಚೆಲ್ಲಿ, ಹಗ್ಗವನ್ನು ಹೆಗಲಿಗೇರಿಸಿ, "ಕೊಡ ತಗೊಂಡು ಬಾ, ತಾಯಿ" ಎಂದರು.

ಮಠದ ಬಾವಿಕಟ್ಟೆಯಲ್ಲಿದ್ದವರು ದುರುಗವ್ವನನ್ನು ಕಂಡು ಹೌಹಾರಿದರು. ಒಬ್ಬಿಬ್ಬರು ಬಾಯಿಗೆ ಬಂದಂತೆ ಬೈದರು. ಅಯ್ಯನವರು ಕಿವಿಗೊಡದೆ ಹಗ್ಗವನ್ನು ದುರುಗವ್ವನ ಕೈಗೇ ಕೊಟ್ಟರು. ಆಕೆ ಸೇದಿದಳು. ತುಂಬಿದ ಕೊಡ ಮೇಲೆ ಬಂದಾಗ ಅವರು ಎಲ್ಲರೆದುರು ಬೊಗಸೆಯೊಡ್ಡಿ ನಿಂತರು.

"ಮೊದಲು ನನಗ ಹಾಕವ್ವಾ. ಇವರೆಲ್ಲಾ ನೋಡ್ಲಿ."

"ಮೊದಲು ನನ್ನ ಕೂಸಿಗ್ರೀ, ಅಯ್ಯನೋರ" ಎಂದವಳೇ ದುರುಗವ್ವ ಕೊಡ ಹೊತ್ತು ನಡೆದುಬಿಟ್ಟಳು.

ಷಡಕ್ಷರಯ್ಯನವರು ಹುಟ್ಟಿದ ಮೇಲೆ ಮೊದಲ ಸಲ, ಆ ಬಾವಿಯ ಬಳಿ ತಮ್ಮ ಸರದಿಗಾಗಿ ಕಾಯುತ್ತ ನಿಂತರು.