ಹೊನ್ನೂರ ತಂಪು ಗಾಳಿ ಕಟ್ಟಿದ್ದು

ಕೇಳ್ರಪ್ಪಾ ಕೇಳ್ರಿ, ಇದು ನಮ್ಮ ಕಡೆ ಧೂಳು ಇನ್ನೂ ಕೆಂಪಗಿದ್ದ ಕಾಲದ ಮಾತು. ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಸಂಡೂರು ರಸ್ತೆಯಲ್ಲಿ ಮರವೂ ಕೆಂಪು, ಎಮ್ಮೆಯೂ ಕೆಂಪು, ಬಿಳಿ ಪಂಚೆ ಉಟ್ಟು ಹೊರಟ ಮದುಮಗನೂ ಕೆಂಪು. ಆಗ ಆ ಧೂಳಿಗೆ ಹಿಡಿಶಾಪ ಹಾಕಿದೆವು. ಈಗ ನೆನೆದರೆ ಅದೂ ಬೇಕಿತ್ತು ಅನಿಸುತ್ತದೆ, ನೋಡಿ. ಆ ರಸ್ತೆಯ ಪಕ್ಕದಲ್ಲೇ ಹುಲಿಗೆಮ್ಮನ ಗ್ಯಾರೇಜು.

ಗಂಡ ಲಾರಿ ಮೇಸ್ತ್ರಿ. ಅವನು ತೀರಿಕೊಂಡ ಮೇಲೆ ಸ್ಪ್ಯಾನರು ಹುಲಿಗೆಮ್ಮನ ಕೈಗೆ ಬಂತು. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುವ ಹೆಂಗಸು ಆಕೆ. ಮಗ ಹೊನ್ನೂರನಿಗೋ, ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಬೋಲ್ಟು ಬಿಗಿ ಮಾಡು ಅಂದರೆ ಮುರಿಯುವ ತನಕ ಬಿಗಿ ಮಾಡುವವ. ಸಡಿಲ ಮಾಡು ಅಂದರೆ ಚಕ್ರ ಉರುಳಿ ಹೋಗುವ ತನಕ ಸಡಿಲ ಮಾಡುವವ. ಬೈದರೆ ಬೇಜಾರಿಲ್ಲ, "ಹೌದವ್ವ" ಅಂತ ನಗುವವ.

ಹುಲಿಗೆಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು. "ನಾನು ಹೋದಮ್ಯಾಲೆ ಇವನಿಗೆ ಯಾರು ಕೆಲಸ ಕೊಡ್ತಾರೆ? ಒಂದು ಗಾಡಿ, ಒಂದೇ ಒಂದು ಗಾಡಿ ಇವನ ಕೈಲಿ ರಿಪೇರಿ ಆಗಿ ಹೋಗಿದ್ದು ನೋಡಿದ್ರೆ ಸಾಕು!" ಕೂತರೂ ಅದೇ ಚಿಂತೆ, ನಿಂತರೂ ಅದೇ ಚಿಂತೆ.

ಹೀಗಿರುವಾಗ ಗಣಿಯ ಎರ್ರಿಸ್ವಾಮಿ ಸಾಹುಕಾರ ಹೊರದೇಶದಿಂದ ಹಳದಿ ಕಾರೊಂದನ್ನು ತರಿಸಿದ. ಎಂಟು ಸಿಲಿಂಡರಿನ ಕಾರು! ಸ್ಟಾರ್ಟ್ ಮಾಡಿದರೆ ಟೀ ಹೋಟೆಲಿನ ಲೋಟಗಳೆಲ್ಲ ನಡುಗುತ್ತಿದ್ದವು. "ಹುಲಿಗೆಮ್ಮಾ, ಇದ್ರ ಕಂಪನಿ ಗಾಳಿ ಫಿಲ್ಟರು ಕಿತ್ತಾಕಿ ಕೋಲ್ಡ್ ಏರ್ ಇನ್‌ಟೇಕ್ ಹಾಕ್ಬೇಕು. ಯಾವ್ದು ಚಲೋನೋ ನೀನೇ ಆರಿಸು" ಅಂದ.

ಹುಲಿಗೆಮ್ಮ ಮಗನನ್ನು ಕರೆದಳು. "ನೋಡಲೇ, ಎಂಜಿನ್ನೂ ನಮ್ಮಂಗ ಉಸಿರಾಡ್ತೈತೆ. ತಣ್ಣನೆ ಗಾಳಿ ಎಳೆದಷ್ಟೂ ಅದಕ್ಕೆ ಜೋರು. ಆ ಗಾಳಿ ತರೋ ಪೈಪು ಬೇಕು. ಈ ಗಾಡಿ ನೀನೇ ಮಾಡ್ಬೇಕು, ಮಗಾ! ಹೊಸಪೇಟೆ ಅಂಗಡಿಗೆ ಹೋಗು. ಹೊಳಪಿಗೆ ಮರುಳಾಗಬ್ಯಾಡ, ತಣ್ಣಗಿರೋದನ್ನ ನೋಡಿ ತಾ!"

"ಹೌದವ್ವ!" ಅಂದ. ಹೋದ. ಅಂಗಡಿಯ ಒಂದೊಂದು ಪೈಪನ್ನೂ ಕೆನ್ನೆಗೆ ಒತ್ತಿ ನೋಡಿದ. ಎಸಿ ಕೆಳಗಿದ್ದ ಅಲ್ಯುಮಿನಿಯಂ ಪೈಪು ಮಂಜಿನ ಹಾಗಿತ್ತು. ಅದನ್ನೇ ತಂದ. ಬಸ್ಸಿನಲ್ಲಿ ಜಾಗವಿಲ್ಲದೆ ಡ್ರೈವರ್ ಪಕ್ಕದ ಎಂಜಿನ್ನಿನ ಮುಚ್ಚಳದ ಮೇಲೆ ಕೂತು, ಪೈಪನ್ನು ಪಕ್ಕಕ್ಕಿಟ್ಟುಕೊಂಡು ಬಂದ. ಊರು ಬರುವಷ್ಟರಲ್ಲಿ ಪೈಪು ಕೆಂಡ!

"ಅವ್ವಾ, ಅಂಗಡ್ಯಾಗ ತಣ್ಣಗಿತ್ತು! ದಾರ್ಯಾಗ ಕೆಟ್ಟೋತು!"

ಹುಲಿಗೆಮ್ಮ ಹಣೆ ಚಚ್ಚಿಕೊಂಡಳು. "ಕೆಡಾಕೆ ಅದೇನು ಹಾಲೇನಲೇ? ಶಾಖ ತಾಗಿದ್ರೆ ಅಲ್ಯುಮಿನಿಯಂ ಕಾಯಾದೇ! ಬದಲಿಸಿ ಪ್ಲಾಸ್ಟಿಕ್ಕಿಂದು ತಾ. ಬಿಸ್ಲಾಗ ತರೋ ಸಾಮಾನಿಗೆ ಒದ್ದೆ ಗೋಣಿ ಸುತ್ತಬೇಕು, ತಿಳೀತಾ?"

"ಹೌದವ್ವ, ಒದ್ದೆ ಗೋಣಿ!"

ಪೈಪು ಬದಲಾಯಿತು. ಆಮೇಲೆ ಫಿಲ್ಟರು. ಅಂಗಡಿಯಲ್ಲಿ ಬಗೆಬಗೆ ಇದ್ದವು. ಬಾಯಿಬಿಟ್ಟುಕೊಂಡು ಹೊಳೆಯುವುದೊಂದು, ಎಣ್ಣೆ ಹಚ್ಚುವುದೊಂದು, ಡಬ್ಬಿಯೊಳಗೆ ಕೂರುವ ಒಣ ಫಿಲ್ಟರು ಒಂದು. "ನಮ್ಮ ಧೂಳಿಗೆ ಡಬ್ಬಿಯೊಳಗಿನ ಒಣ ಫಿಲ್ಟರೇ ಸರಿ" ಅಂತ ಹುಲಿಗೆಮ್ಮ ಹೇಳಿ ಕಳಿಸಿದಳು. ಹೊನ್ನೂರ ಅದನ್ನೇ ತಂದ. ಸರಿಯಾಗಿಯೇ ತಂದ. ಆದರೆ ಒದ್ದೆ ಗೋಣಿಯಲ್ಲಿ ಸುತ್ತಿ ತಂದ! ಫಿಲ್ಟರು ನೆನೆದು ತೊಪ್ಪೆಯಾಗಿತ್ತು.

"ಬಿಸಿಲಿತ್ತವ್ವಾ!"

"ನಿನ್ನ ಬಿಸಿಲಿಗೆ ಬೆಂಕಿ ಹಾಕ! ಒದ್ದೆ ಫಿಲ್ಟರಾಗ ಎಂಜಿನ್ನು ಹೆಂಗಲೇ ಉಸಿರಾಡ್ತೈತೆ?" ಹುಲಿಗೆಮ್ಮ ಅದನ್ನು ನೆರಳಿನಲ್ಲಿ ಒಣಹಾಕಿದಳು. ಒಣಹಾಕುತ್ತ ಗಂಡ ನೆನಪಾದ. "ನಿಮ್ಮಪ್ಪನ ಕಾಲ್ದಾಗ ಈ ರಗಳೆ ಇರಲಿಲ್ಲಪ್ಪಾ. ಲಾರಿ ಫಿಲ್ಟರಿನ ತಳಕ್ಕೊಂದು ಎಣ್ಣೆ ಬಟ್ಲು. ತೊಳಿ, ಎಣ್ಣೆ ಹಾಕು, ಕೂರಿಸು! ಎಣ್ಣೆ ಇದ್ರೆ ಧೂಳಿನ ಭಯ ಇಲ್ಲ ಅಂತಿದ್ದ."

ಅವನು ಎಣ್ಣೆ ಸುರಿಯುವುದು, ಆಕೆ ಬಟ್ಟಲು ಹಿಡಿಯುವುದು, ಪುಟ್ಟ ಹೊನ್ನೂರ ಟೈರಿನೊಳಗೆ ಕೂತು ಇಬ್ಬರನ್ನೂ ನೋಡಿ ಕೇಕೆ ಹಾಕುವುದು. ಎಂಥ ದಿನಗಳು! ಹೊನ್ನೂರನಿಗೆ ಮಾತ್ರ ಒಂದೇ ಮಾತು ಕೇಳಿಸಿತ್ತು.

"ಹೌದವ್ವ, ಎಣ್ಣೆ!"

ಫಿಲ್ಟರು ಒಣಗಿತು. "ಹೋಗು, ಗಾಳಿ ಅಳೆಯೋ ಸೆನ್ಸಾರು ಹಳೇ ಫಿಲ್ಟರಿನ ಡಬ್ಬ್ಯಾಗ ಐತೆ, ಅದನ್ನ ಬಿಚ್ಚಿ ಹೊಸ ಪೈಪಿಗೆ ಹಾಕು" ಅಂದಳು. ಬೆರಳುದ್ದದ ಸಾಮಾನು ಅದು. ಹೊನ್ನೂರ ಜೋಪಾನವಾಗಿ ಬಿಚ್ಚಿದ. ಜೋಪಾನವಾಗಿ ಎಣ್ಣೆ ಬಟ್ಟಲಿನಲ್ಲಿ ಮುಳುಗಿಸಿದ!

"ಅಯ್ಯಯ್ಯೋ! ಅದ್ರಾಗ ಕೂದಲಿನಂಥ ತಂತಿ ಐತಲೇ! ಎಣ್ಣೆ ಬಿದ್ರೆ ಅದು ಕುರುಡು!" ಹುಲಿಗೆಮ್ಮ ಸ್ಪ್ರೇ ಹೊಡೆದು, ಊದಿ, ಒಣಗಿಸಿ, ಕಂಡ ದೇವರಿಗೆಲ್ಲ ಹರಕೆ ಹೊತ್ತು ಅದನ್ನು ಬದುಕಿಸಿದಳು. "ಇಂಥದಕ್ಕೆ ಎಣ್ಣೆನೂ ತಾಗಬಾರ್ದು, ಧೂಳೂ ತಾಗಬಾರ್ದು. ಪ್ಲಾಸ್ಟಿಕ್ ಚೀಲ ಹಾಕಿ, ಉಪ್ಪಿನಕಾಯಿ ಜಾಡಿ ಬಾಯಿ ಕಟ್ಟಿದಂಗ ಬಿಗಿಯಾಗಿ ಕಟ್ಟಬೇಕು!"

"ಹೌದವ್ವ, ಉಪ್ಪಿನಕಾಯಿ ಜಾಡಿ!"

ಎಲ್ಲ ಜೋಡಿಸಿ ಆಯಿತು. ಸಾಹುಕಾರ ಬಂದ. ಕೀಲಿ ತಿರುವಿದ. ಕಾರು ಗುರ್ ಅಂದಿತು, ಕೆಮ್ಮಿತು, ಸತ್ತಿತು. ಮತ್ತೆ ತಿರುವಿದ. ಮತ್ತೆ ಕೆಮ್ಮಿತು, ಮತ್ತೆ ಸತ್ತಿತು. ಬಾನೆಟ್ಟು ಎತ್ತಿ ನೋಡಿದರೆ ಗಾಳಿ ಎಳೆಯುವ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಸುತ್ತಿ ಸುತ್ತಿ ಬಿಗಿದ ದಾರ!

"ಧೂಳು ಒಳಗ ಹೋಗಲ್ಲವ್ವಾ!"

"ಉಸಿರಾಡೋ ಬಾಯಿ ಕಟ್ಟೀಯಲ್ಲಲೇ, ನನ್ನ ಕರ್ಮವೇ! ಅದು ತೆರೆದಿರಬೇಕು! ಎಂಜಿನ್ನಿನ ಶಾಖದಿಂದ ದೂರ, ಎಲ್ಲಿ ತಂಪೈತೋ ಅಲ್ಲಿ ಇರಬೇಕು!"

"ಹೌದವ್ವ, ಎಲ್ಲಿ ತಂಪೈತೋ ಅಲ್ಲಿ!"

ಸಾಹುಕಾರನ ಮುಖ ಗಂಟಾಯಿತು. "ನಾಳೆ ಒಂದಿನ ನೋಡ್ತೀನಿ, ಹುಲಿಗೆಮ್ಮಾ. ಆಗ್ಲಿಲ್ಲ ಅಂದ್ರೆ ಗಾಡಿ ಬೇರೆ ಕಡೆ ಒಯ್ತೀನಿ. ಇವನ ಕೈಗೆ ಗಾಡಿ ಕೊಡಬ್ಯಾಡ್ರಿ ಅಂತ ಲಾರಿಯೋರಿಗೂ ಹೇಳ್ತೀನಿ" ಅಂದು ನಡೆದುಬಿಟ್ಟ. ಆಕೆಗೆ ಅನ್ನ ಇಳಿಯಲಿಲ್ಲ.

ಮರುದಿನ ಮಧ್ಯಾಹ್ನ. ನಮ್ಮ ಕಡೆಯ ಬಿಸಿಲು ಕೇಳಬೇಕೇ? ಕಾಗೆಯೂ ಕೂಗುತ್ತಿರಲಿಲ್ಲ. ಹುಲಿಗೆಮ್ಮ ಹುಣಸೆ ಮರದ ಕೆಳಗೆ ಮಂಚ ಹಾಕಿಕೊಂಡು ಕೂತವಳು ಹಾಗೇ ತೂಕಡಿಸಿದಳು. ಹೊನ್ನೂರ ತಂಪು ಹುಡುಕಿದ. ಬಾನೆಟ್ಟಿನ ಒಳಗೆ ಕೈಯಿಟ್ಟ, ಬಿಸಿ. ಬಂಪರಿನ ಹಿಂದೆ ಇಟ್ಟ, ಬಿಸಿ. ಗ್ಯಾರೇಜಿನ ತಗಡಿನ ಕೆಳಗೆ, ಇನ್ನೂ ಬಿಸಿ. ಕೊನೆಗೆ ಒಂದು ಕಡೆ ತಂಪು ಸಿಕ್ಕಿತು. ಅಲ್ಲಿಗೆ ಪೈಪು ಸಾಲದು. ಗುಜರಿಯ ಪೈಪೆಲ್ಲ ತಂದ, ಒಂದಕ್ಕೊಂದು ಜೋಡಿಸಿದ, ಕ್ಲಿಪ್ಪು ಹಾಕಿ ಬಿಗಿದ.

ಸಾಹುಕಾರ ಬಂದ. ಪೈಪು ನೋಡಲಿಲ್ಲ, ನೇರ ಕಾರು ಹತ್ತಿದ. ಕೀಲಿ ತಿರುವಿದ. ಏನು ಸದ್ದು ಅಂತೀರಿ! ಗುಡುಗು! "ಭಲೇ ಹೊನ್ನೂರಾ!" ಅಂತ ಕಿರುಚಿ ಗಾಡಿ ಬಿಟ್ಟ.

ಕಾರು ಹೊರಟಿತು. ಕಾರಿನ ಹಿಂದೆ ಪೈಪು ಹೊರಟಿತು. ಪೈಪಿನ ಹಿಂದೆ ಮಂಚ ಹೊರಟಿತು. ಮಂಚದ ಮೇಲೆ ಹುಲಿಗೆಮ್ಮ!

"ಯಪ್ಪೋ! ನಿಲ್ಸೋ! ಯಮನೇ ಬಂದ್ನಲ್ಲಪ್ಪೋ!"

ಟೀ ಹೋಟೆಲಿನವರೆಲ್ಲ ಅಡ್ಡ ಬಂದು ಕೂಗಿದ ಮೇಲೆ ಕಾರು ನಿಂತಿತು. ಹುಲಿಗೆಮ್ಮನಿಗೆ ಏನೂ ಆಗಿರಲಿಲ್ಲ, ತಲೆಯಿಂದ ಕಾಲಿನ ತನಕ ಕೆಂಪಾಗಿದ್ದಳು ಅಷ್ಟೇ. ಇಳಿದು ಬಂದು ಮಗನ ಕಿವಿ ಹಿಡಿದಳು. "ಯಾವನಲೇ ಮಂಚಕ್ಕೆ ಪೈಪು ಕಟ್ಟು ಅಂದವ?"

"ನೀನೇ ಅಂದ್ಯಲ್ಲವ್ವಾ, ಎಲ್ಲಿ ತಂಪೈತೋ ಅಲ್ಲಿ ಅಂತ. ಎಲ್ಲಾ ಕಡೆ ಹುಡುಕಿದೆ. ನೀ ಕುಂತಲ್ಲೇ ತಂಪಿತ್ತು."

ಕಿವಿ ಹಿಡಿದ ಕೈ ಸಡಿಲವಾಯಿತು. ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಒರೆಸಿದಳು ಅಂತ ಊರವರು ಅಂದುಕೊಂಡರು.

ಸಾಹುಕಾರ ಬಗ್ಗಿ ಪೈಪಿನ ಜಾಯಿಂಟುಗಳನ್ನು ಜಗ್ಗಿ ನೋಡಿದ. "ಮಂಚ ಎಳೆದ್ರೂ ಒಂದು ಜಾಯಿಂಟು ಬಿಟ್ಟಿಲ್ಲಲ್ಲೇ! ಆಯ್ತು ಹುಲಿಗೆಮ್ಮಾ, ನನ್ನ ಗಾಡಿ ಇನ್ಮ್ಯಾಲೆ ಇವನೇ ಬಿಗೀಲಿ. ಎಲ್ಲಿ ಬಿಗೀಬೇಕು ಅನ್ನೋದು ಮಾತ್ರ ನೀನು ಹೇಳು" ಅಂದ.

ಹುಲಿಗೆಮ್ಮ ಗುಜರಿ ಪೈಪು ಬಿಚ್ಚಿಸಿ, ಇನ್‌ಟೇಕಿನ ಬಾಯನ್ನು ಬಂಪರಿನ ಹಿಂದೆ ಗಾಳಿ ಬೀಸುವ ಕಡೆ ತಿರುಗಿಸಿದಳು. ಹೊನ್ನೂರ ಬಿಗಿದ. ಸಾಹುಕಾರ ಕಾರು ಹತ್ತಿ ಕೂತ. ಆಗ ಆಕೆ ಮಗನ ತಲೆ ಸವರಿ, ತೀರಾ ಮೆತ್ತಗೆ ಬುದ್ಧಿ ಹೇಳಿದಳು. "ತಂಪಿದ್ದಲ್ಲಿಗೆ ಗಾಡಿ ಕಟ್ಟಬಾರ್ದು, ಮಗಾ. ತಂಪು ಗಾಡ್ಯಾಗೇ ಇರಬೇಕು. ಗಾಡಿ ಎಲ್ಲಿ ಹೋಗ್ತೈತೋ ಅಲ್ಲಿಗೆ ಅದೂ ಹೋಗಬೇಕು."

"ಹೌದವ್ವ!" ಅಂದ ಹೊನ್ನೂರ. ಅಂದವನೇ ಅವ್ವನನ್ನು ಎರಡೂ ಕೈಯಲ್ಲಿ ಎತ್ತಿದ, ಧೂಳಿನ ಸಮೇತ ಸಾಹುಕಾರನ ಪಕ್ಕದ ಸೀಟಿನಲ್ಲಿ ಕೂರಿಸಿದ, ಬಾಗಿಲು ಹಾಕಿ ಅದಕ್ಕೂ ಸುತ್ತಿ ಸುತ್ತಿ ದಾರ ಬಿಗಿದು ಕೂಗಿದ:

"ಈಗ ಹೊರಡ್ರಿ ಸಾಹುಕಾರ್ರೇ! ಎಷ್ಟೇ ದೂರ ಹೋದ್ರೂ ಎಂಜಿನ್ನು ಕಾಯಲ್ಲ. ಆದ್ರೆ ಅವ್ವನ್ನ ಮಾತ್ರ ದಾರ್ಯಾಗ ಎಲ್ಲೂ ಇಳಿಸಬ್ಯಾಡ್ರಿ!"